ನಡೆಯುತ್ತೇನೆ, ಪರೀಕ್ಷೆ ಯಾಕೆ?

ಮುಟ್ಟು ನಿಂತ ಮೇಲೆ ದಿನಾ ನಡೆಯುತ್ತೇನೆ, ನನಗೇಕೆ ಸ್ತನ ಪರೀಕ್ಷೆ ಎನ್ನುವಿರಾ? ಸ್ವಲ್ಪ ತಾಳಿ. ಕೆಲವರ ಸ್ತನದಲ್ಲಿ ಕೊಬ್ಬು ಕಡಿಮೆ, ಗ್ರಂಥಿ ಮತ್ತು ನಾರಿನ ಅಂಶ ಹೆಚ್ಚು. ಇದಕ್ಕೆ ಸ್ತನ ಸಾಂದ್ರತೆ ಎನ್ನುತ್ತಾರೆ. ಕೈಯಿಂದ ಮುಟ್ಟಿದರೆ ತಿಳಿಯದು. ಮ್ಯಾಮೊಗ್ರಾಮ್‌ನಲ್ಲಿ ಅದು ಬೆಳ್ಳಗೆ ಕಾಣುತ್ತದೆ. ಗಡ್ಡೆಯೂ ಬೆಳ್ಳಗೇ ಇರುವುದರಿಂದ ಅದರ ಮರೆಯಲ್ಲಿ ಅಡಗಿಬಿಡಬಹುದು. ಇಂಥವರಿಗೆ ಕ್ಯಾನ್ಸರಿನ ಅಪಾಯವೂ ಹೆಚ್ಚು.

ಕೆನಡಾದ ಆಲ್ಬರ್ಟಾದಲ್ಲಿ ಮುಟ್ಟು ನಿಂತ 320 ಮಹಿಳೆಯರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ವಾರಕ್ಕೆ ಐದು ದಿನ 45 ನಿಮಿಷದಂತೆ ವರ್ಷವಿಡೀ ವ್ಯಾಯಾಮ ಹೇಳಿದ್ದರು. 2010ರಲ್ಲಿ ಫಲಿತಾಂಶ ಬಂತು. ರಕ್ತದಲ್ಲಿ ಈಸ್ಟ್ರೊಜನ್ ಇಳಿದಿತ್ತು. ಸಾಂದ್ರತೆಯಲ್ಲಿ ಮಾತ್ರ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ. ಹಾಗಾಗಿ ನಡಿಗೆಯೂ ಇರಲಿ, ಪರೀಕ್ಷೆಯೂ ಇರಲಿ. ನಾಚಿಕೆಯೇ? ಮಹಿಳಾ ಟೆಕ್ನೀಷಿಯನ್ ಇದ್ದಾರೆಯೇ ಎಂದು ಮೊದಲೇ ಫೋನ್ ಮಾಡಿ ಕೇಳಿಕೊಳ್ಳಿ.