ಮಂಗಳ ಗ್ರಹಕ್ಕೂ ಒಂದು ಆಷಾಢ ಇದೆ ಸ್ವಾಮಿ!

"ಕನ್ನಡದಲ್ಲಿ ಸೈನ್ಸ್ ಫಿಕ್ಷನ್ ಓದೋರೇ ಇಲ್ಲ ಬಿಡ್ರಿ..."

ಈ ಮಾತನ್ನು ನೀವೂ ಕೇಳಿರುತ್ತೀರಿ. ಬರೆಯುವವರು ಹೇಳುತ್ತಾರೆ, ಅಚ್ಚು ಹಾಕುವವರು ಹೇಳುತ್ತಾರೆ. ರಾತ್ರಿಯೆಲ್ಲಾ ಕೀಲಿಮಣೆ ಕುಟ್ಟಿ ಹಾಕಿದ ಕತೆಗೆ ಎರಡೇ ಎರಡು ಕಾಮೆಂಟು ಬಂದಾಗ ನಮ್ಮಂಥ ಬ್ಲಾಗಿಗರೂ ಇದನ್ನೇ ಹೇಳಿಕೊಂಡು ಸಮಾಧಾನಪಟ್ಟುಕೊಳ್ಳುತ್ತೇವೆ. ನನಗಂತೂ ಈ ಮಾತು ಒಪ್ಪಿಗೆಯಿಲ್ಲ. ಓದುವವರು ಇದ್ದಾರೆ, ಬೇಕಾದಷ್ಟು ಜನ ಇದ್ದಾರೆ. ಆದರೆ ಅವರಿರುವುದು ಬೇರೆ ಬೀದಿಯಲ್ಲಿ, ಮತ್ತು ನಾವು ಆ ಬೀದಿಗೆ ಕಾಲಿಡುವುದಿಲ್ಲ. ಆ ಬೀದಿಯ ಹೆಸರು ಪ್ರೇಮಕತೆ.

ಸುಧಾ, ತರಂಗ, ಮಂಗಳದ ಧಾರಾವಾಹಿಗಾಗಿ ವಾರವಿಡೀ ಕಾದವರು ಯಾರು? ಸರ್ಕ್ಯುಲೇಟಿಂಗ್ ಲೈಬ್ರರಿಯಲ್ಲಿ ಸಾಯಿಸುತೆಯವರ ಕಾದಂಬರಿಗೆ ಹೆಸರು ಬರೆಸಿ ಸರದಿ ಕಾದವರು ಯಾರು? ಆ ಓದುಗರು ಎಲ್ಲೂ ಮಾಯವಾಗಿಲ್ಲ. ಅವರ ಮುಂದಿನ ತಲೆಮಾರು ಈಗ ಪ್ರತಿಲಿಪಿಯಂಥ ತಾಣಗಳಲ್ಲಿ, ಮೊಬೈಲಿನಲ್ಲಿ, ಕಂತು ಕಂತಾಗಿ ಓದುತ್ತಿದೆ. ನಮ್ಮ ಹುಲಿಗಿಗೆ ಬರುವವರು ಇಳಿಯುವ ಮುನಿರಾಬಾದ್ ಸ್ಟೇಷನ್ನಿನಲ್ಲಿ ರೈಲು ತಡವಾದಾಗ ಸುಮ್ಮನೆ ಅಕ್ಕಪಕ್ಕ ಕಣ್ಣು ಹಾಯಿಸಿ. ರೀಲ್ಸ್ ನೋಡುವವರ ನಡುವೆ ಕನ್ನಡದ ಕತೆ ಓದುತ್ತಿರುವ ಒಬ್ಬ ಅಕ್ಕನಾದರೂ ಸಿಗುತ್ತಾಳೆ. ಅವಳನ್ನು ನಾವು ಓದುಗರ ಲೆಕ್ಕಕ್ಕೇ ಹಿಡಿದಿಲ್ಲ. "ಅದು ಹೆಂಗಸರ ಕತೆ, ಅಳುಮುಂಜಿ ಕತೆ" ಅಂತ ಮೂಗು ಮುರಿದು, ಆಮೇಲೆ ಓದುಗರಿಲ್ಲ ಅಂತ ಗೋಳಾಡುತ್ತೇವೆ. ಇದ್ಯಾವ ನ್ಯಾಯ?

ವೈಜ್ಞಾನಿಕ ಕತೆಗೆ ಹೊಸ ಓದುಗರನ್ನು ಹುಡುಕುತ್ತಾ ಕೂರುವ ಬದಲು, ಇರುವ ಪ್ರೇಮಕತೆಯ ಓದುಗರಿಗೆ ವೈಜ್ಞಾನಿಕ ಪ್ರೇಮಕತೆ ಬರೆದುಕೊಡೋಣ. ನನ್ನ ವಾದ ಇಷ್ಟೇ.

ಇದು ಆಗದ ಮಾತು ಅನ್ನುವವರಿಗೆ ತ್ರಿವೇಣಿಯವರನ್ನು ನೆನಪಿಸುತ್ತೇನೆ. ಅವರು ಓದಿದ್ದು ಮನಶ್ಶಾಸ್ತ್ರ. ಆ ಶಾಸ್ತ್ರವನ್ನು ಪಠ್ಯಪುಸ್ತಕದಲ್ಲಿ ಬಿಡದೆ ಸೀದಾ ಸಂಸಾರದ ಕತೆಯೊಳಕ್ಕೆ ತಂದರು. 'ಶರಪಂಜರ'ದಲ್ಲಿ ಹೆರಿಗೆಯ ನಂತರ ಮನಸ್ಸು ಕದಡಿದ ಹೆಣ್ಣು, ಅವಳು ಗುಣವಾಗಿ ಬಂದ ಮೇಲೂ ನಂಬದ ಮನೆ, ದೂರವಾಗುವ ಗಂಡ ಇದ್ದಾರೆ. ಆ ಹೊತ್ತಿಗೆ ನಮ್ಮ ಮನೆಗಳಲ್ಲಿ ಇಂಥ ಕಾಯಿಲೆಗೆ ದೆವ್ವ ಅನ್ನುವ ಹೆಸರಿತ್ತು. ಓದುಗರು "ಇದು ತುಂಬಾ ಟೆಕ್ನಿಕಲ್ಲು" ಅಂತ ಪುಸ್ತಕ ಮುಚ್ಚಿಟ್ಟರೇ? ಇಲ್ಲ. ತ್ರಿವೇಣಿ 1963ರಲ್ಲೇ ತೀರಿಕೊಂಡರು. 1971ರಲ್ಲಿ ಪುಟ್ಟಣ್ಣ ಕಣಗಾಲರು ಅದನ್ನು ಸಿನಿಮಾ ಮಾಡಿದಾಗ ನಾಡಿಗೆ ನಾಡೇ ನೋಡಿತು. ಗಂಡ ಹೆಂಡಿರ ನಡುವೆ ಬಂದು ಕೂತರೆ ಎಂಥ ಕಷ್ಟದ ವಿಜ್ಞಾನವನ್ನಾದರೂ ನಮ್ಮ ಓದುಗರು ಮಾತಾಡಿಸುತ್ತಾರೆ.

1980ರಲ್ಲಿ ಬಂದ ತೇಜಸ್ವಿಯವರ 'ಕರ್ವಾಲೊ' ನೋಡಿ. ಹಾರುವ ಓತಿ, ವಿಕಾಸವಾದ, ಪಶ್ಚಿಮ ಘಟ್ಟದ ಕಾಡು... ಆದರೆ ಓದುಗನನ್ನು ಕೈಹಿಡಿದು ಒಳಗೆ ಕರೆದೊಯ್ಯುವವನು ಮಂದಣ್ಣ, ಮತ್ತು ಆ ಮಂದಣ್ಣನಿಗೆ ಮದುವೆಯ ಚಿಂತೆ! ರಾಮಿಯನ್ನು ಕಟ್ಟಿಕೊಳ್ಳಬೇಕು ಅನ್ನುವವನ ಜೊತೆ ನಡೆಯುತ್ತಾ ನಡೆಯುತ್ತಾ ನಮಗೇ ಗೊತ್ತಾಗದಂತೆ ಕೋಟ್ಯಂತರ ವರ್ಷ ಹಿಂದಕ್ಕೆ ಹೋಗಿರುತ್ತೇವೆ. ರಾಜಶೇಖರ ಭೂಸನೂರಮಠರು ಬಹಳ ಕಾಲ ಕನ್ನಡದಲ್ಲಿ ವೈಜ್ಞಾನಿಕ ಕಾದಂಬರಿಗಳನ್ನು ಬರೆದು ದಾರಿ ಮಾಡಿಕೊಟ್ಟರು. ಅಂದರೆ ವಿಜ್ಞಾನದ ದಾರಿಯೂ ಇದೆ, ಪ್ರೇಮದ ದಾರಿಯೂ ಇದೆ. ಎರಡೂ ಕೂಡುವ ಕಡೆ ಒಂದು ಬಸ್‌ಸ್ಟಾಪು ಇಲ್ಲ, ಅಷ್ಟೇ :-)

ಸಿನಿಮಾದವರು ಆ ಕಡೆ ಒಮ್ಮೊಮ್ಮೆ ಬಂದು ಹೋಗಿದ್ದಾರೆ. ಉಪೇಂದ್ರರ 'ಹಾಲಿವುಡ್'ನಲ್ಲಿ ರೋಬೋಟಿಗೆ ಪ್ರೀತಿ ಹುಟ್ಟಿದ್ದು 2002ರಲ್ಲಿ. ರಜನಿಕಾಂತರ 'ಎಂದಿರನ್' ಬಂದದ್ದು 2010ರಲ್ಲಿ. ಆಮೇಲೆ 2013ರ 'ಲೂಸಿಯಾ'. ಅಲ್ಲಿ ಟಾಕೀಸಿನಲ್ಲಿ ಟಾರ್ಚ್ ಬಿಡುವ ಹುಡುಗನೊಬ್ಬ ನಿದ್ದೆಗಾಗಿ ಮಾತ್ರೆ ನುಂಗುತ್ತಾನೆ. ಕನಸಿನಲ್ಲಿ ಇನ್ನೊಂದು ಬದುಕು, ಅಲ್ಲೂ ಅದೇ ಹುಡುಗಿ. ಯಾವ ಪ್ರೀತಿ ನಿಜ? ಇದಕ್ಕೆ ದುಡ್ಡು ಹಾಕುವ ನಿರ್ಮಾಪಕರು ಸಿಗದೆ ಪವನ್ ಕುಮಾರ್ 2012ರಲ್ಲಿ ತಮ್ಮ ಬ್ಲಾಗಿನಲ್ಲೇ ಕಷ್ಟ ಬರೆದುಕೊಂಡರು. ಒಂದು ತಿಂಗಳೊಳಗೆ ನೂರಕ್ಕೂ ಹೆಚ್ಚು ಮಂದಿ ಸೇರಿ 50 ಲಕ್ಷಕ್ಕಿಂತ ಜಾಸ್ತಿ ಕೊಟ್ಟರು. ಇಂಥ ಕತೆಗೆ ಜನ ಇಲ್ಲ ಅನ್ನುವವರು ಈ ಲೆಕ್ಕವನ್ನೊಮ್ಮೆ ನೋಡಬೇಕು.

ಹಾಗಾದರೆ ವೈಜ್ಞಾನಿಕ ಪ್ರೇಮಕತೆ ಅಂದರೆ ಯಾವುದು? ಹೀರೋಗೆ ಬಿಳಿ ಕೋಟು ಹಾಕಿಸಿ ಲ್ಯಾಬಿನಲ್ಲಿ ಡ್ಯುಯೆಟ್ ಹಾಡಿಸಿದರೆ ಆಗಲಿಲ್ಲ. ನಾನು ಒಂದು ಸಣ್ಣ ಪರೀಕ್ಷೆ ಇಟ್ಟುಕೊಂಡಿದ್ದೇನೆ. ಕತೆಯಿಂದ ವಿಜ್ಞಾನವನ್ನು ಕಿತ್ತು ಹಾಕಿ. ಪ್ರೇಮ ಹಾಗೇ ನಿಂತಿದ್ದರೆ ವಿಜ್ಞಾನ ಬರೀ ಮದುವೆ ಮಂಟಪದ ಸೀರಿಯಲ್ ಸೆಟ್ಟು. ಪ್ರೇಮವನ್ನು ಕಿತ್ತು ಹಾಕಿ. ವಿಜ್ಞಾನ ಹಾಗೇ ನಿಂತಿದ್ದರೆ ಅದು ಲೇಖನ. ಎರಡರಲ್ಲಿ ಒಂದು ತೆಗೆದರೂ ಇನ್ನೊಂದು ಕುಸಿಯಬೇಕು.

ಒಂದು ಉದಾಹರಣೆ ಕೊಡುತ್ತೇನೆ. ಹುಡುಗ ಗಂಗಾವತಿ ಕಡೆಯ ಭತ್ತದ ಗದ್ದೆಯವನು. ಹುಡುಗಿ ಮಂಗಳ ಗ್ರಹದಲ್ಲಿ ಕೆಲಸಕ್ಕೆ ಹೋಗಿದ್ದಾಳೆ. (ಯಾಕೆ, ಹುಡುಗನೇ ಯಾವಾಗಲೂ ದೂರ ಹೋಗಬೇಕೇನು?) ಭೂಮಿಯಿಂದ ಮಂಗಳಕ್ಕೆ ಮೆಸೇಜು ಮುಟ್ಟಲು ಹತ್ತಿರವಿದ್ದಾಗ ಸುಮಾರು 3 ನಿಮಿಷ, ದೂರವಿದ್ದಾಗ ಸುಮಾರು 22 ನಿಮಿಷ. ಬೆಳಕಿಗಿಂತ ಜೋರಾಗಿ ಯಾರೂ ಓಡಲಾರರಲ್ಲ. "ಊಟ ಆತೇನು?" ಅಂತ ಇವನು ಕೇಳಿದರೆ "ಆತು, ನಿಂದು?" ಬರುವಷ್ಟರಲ್ಲಿ ಮುಕ್ಕಾಲು ಗಂಟೆ, ಇವನಿಗೆ ನಿದ್ದೆ! ಅಲ್ಲಿ ಮುಖಕ್ಕೆ ಮುಖ ಕೊಟ್ಟು ಜಗಳವಾಡಲು ಆಗುವುದೇ ಇಲ್ಲ. ಜಗಳವೂ ಪತ್ರವಾಗುತ್ತದೆ. ಪೋಸ್ಟ್‌ಮನ್ ದಾರಿ ಕಾದ ನಮ್ಮ ಅಮ್ಮಂದಿರಿಗೆ ಇದನ್ನು ವಿವರಿಸಿ ಹೇಳಬೇಕೇ?

ಇನ್ನೂ ಇದೆ. ಸುಮಾರು 26 ತಿಂಗಳಿಗೊಮ್ಮೆ ಭೂಮಿಗೂ ಮಂಗಳಕ್ಕೂ ನಡುವೆ ಸೂರ್ಯ ಅಡ್ಡ ಬರುತ್ತಾನೆ. ಆಗ ಎರಡು ವಾರದ ಹತ್ತಿರ ಮಂಗಳದಲ್ಲಿರುವ ನೌಕೆಗಳಿಗೆ ಆದೇಶ ಕಳಿಸುವುದನ್ನೇ ನಿಲ್ಲಿಸಿಬಿಡುತ್ತಾರೆ. ಕಳಿಸಿದ್ದು ಅರ್ಧಂಬರ್ಧ ಮುಟ್ಟಿದರೆ ಅನಾಹುತ ಅಂತ. ಹೊಸ ಸೊಸೆಯನ್ನು ತವರಿಗೆ ಕಳಿಸುವ ನಮ್ಮ ಆಷಾಢಕ್ಕೂ ಇದಕ್ಕೂ ಏನು ವ್ಯತ್ಯಾಸ ಹೇಳಿ! ಈಗ ಆ ಮೌನ ಶುರುವಾಗುವ ಹಿಂದಿನ ರಾತ್ರಿ ಹುಡುಗ ಸಿಟ್ಟಿನಲ್ಲಿ "ನೀ ಬರಾದ ಬ್ಯಾಡ" ಅಂತ ಕಳಿಸಿಬಿಟ್ಟ ಅಂದುಕೊಳ್ಳಿ. ಮಾತು ಹೊರಟಾಗಿದೆ, ಹಿಂದಕ್ಕೆ ಕರೆಯುವಂತಿಲ್ಲ. ಇನ್ನು ಎರಡು ವಾರ ಆಕಾಶ ಮೂಕ. ಅವನ ಅವ್ವ "ಆಷಾಢದಾಗ ದೂರ ಇಡೋದು ಕೇಳೀನಿ, ಸೂರ್ಯಪ್ಪನ ನಡುಕ ಬರೋದು ಇದ ಮೊದಲ" ಅನ್ನುತ್ತಾಳೆ. ಇಲ್ಲಿ ಓದುಗ ಕಲಿಯುವುದು ಖಗೋಳಶಾಸ್ತ್ರ, ಆದರೆ ಅವನು ಕಾಯುವುದು ಆ ಹುಡುಗಿಯ ಉತ್ತರಕ್ಕೆ.

ಅಷ್ಟು ದೂರ ಹೋಗುವುದೇ ಬೇಡ ಅಂದರೆ ನಮ್ಮ ಸುತ್ತಮುತ್ತಲೇ ಕತೆಗಳು ಬಿದ್ದಿವೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟಿನ ಚೈನು ತುಂಡಾಗಿ ಗೇಟೇ ಕೊಚ್ಚಿಹೋಯಿತಲ್ಲ, ಹುಲಿಗಿ ಇರುವುದು ಅಣೆಕಟ್ಟಿನ ಕೆಳಗಡೆ, ಅದೇ ಹೊಳೆಯ ದಂಡೆಯಲ್ಲಿ. ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್ ಇಳಿಸಿ ಮುಚ್ಚುವವರೆಗೆ ಒಂದು ವಾರ ಎಲ್ಲರ ಜೀವ ಕೈಯಲ್ಲಿತ್ತು. ಆ ವಾರದಲ್ಲಿ ಎಷ್ಟು ಮನೆಗಳಿಂದ "ಎಲ್ಲಿದ್ದಿ? ಹುಷಾರು" ಅಂತ ಫೋನು ಹೋಗಿರಬಹುದು! ಅದೇ ಅಣೆಕಟ್ಟಿನಲ್ಲಿ ಮೊದಲು ಹಿಡಿಯುತ್ತಿದ್ದದ್ದು 133 ಟಿಎಂಸಿ ನೀರು, ಈಗ ಸುಮಾರು 105. ಉಳಿದ ಜಾಗದಲ್ಲಿ ಹೂಳು. ಆ ಹೂಳಿನ ಕೆಳಗೆ ಎಪ್ಪತ್ತು ವರ್ಷದ ಹಿಂದೆ ಮುಳುಗಿದ ಹಳ್ಳಿಗಳು. ಹೂಳು ಅಳೆಯುವ ಸೆನ್ಸರಿಗೆ ಆ ಮುಳುಗಿದ ಊರಿನಿಂದ ಯಾರೋ ಉತ್ತರ ಕೊಡತೊಡಗಿದರೆ? ಇನ್ನು ಗಂಗಾವತಿ ಹತ್ತಿರದ ಹಿರೇಬೆಣಕಲ್ ಗುಡ್ಡಕ್ಕೆ ಹೋದರೆ ಎರಡು ಸಾವಿರ ವರ್ಷಕ್ಕೂ ಹಳೆಯ ಕಲ್ಲಿನ ಗೋರಿಗಳಿವೆ. ಜನ ಅವನ್ನು ಮೋರೇರ ಮನೆ ಅನ್ನುತ್ತಾರೆ. ಚಪ್ಪಡಿಯಲ್ಲಿ ಕೊರೆದ ದುಂಡನೆಯ ಕಿಂಡಿ ನೋಡಿದರೆ ಆ ಕಡೆಯಿಂದಲೂ ಯಾರೋ ಇಣುಕುತ್ತಿದ್ದಾರೆ ಅನ್ನಿಸುತ್ತದೆ. ನ್ಯೂಯಾರ್ಕಿನ ಅಲೆಕ್ಸು, ಜೆನ್ನಿ ನಮಗ್ಯಾಕೆ ಬೇಕು?

"ಇದೆಲ್ಲಾ ಟೈಂಪಾಸು, ಬರೆಯದಿದ್ದರೆ ಏನು ಹೋಯಿತು?" ಅಂತ ಕೇಳಬಹುದು. ಹೋಗುವುದು ಬಹಳ ಇದೆ. ತಂತ್ರಜ್ಞಾನ ನಮ್ಮ ಪ್ರೀತಿ, ಮದುವೆಯೊಳಗೆ ಯಾವಾಗಲೋ ಬಂದು ಕೂತಾಗಿದೆ. ಗರ್ಭದಲ್ಲಿರುವುದು ಹೆಣ್ಣೆಂದು ಸ್ಕ್ಯಾನಿಂಗ್ ಯಂತ್ರ ತೋರಿಸಿದ್ದಕ್ಕೆ ಎಷ್ಟೋ ಕೂಸುಗಳು ಹುಟ್ಟಲೇ ಇಲ್ಲ. ಹೇಳಬಾರದೆಂದು 1994ರಲ್ಲಿ ಕಾನೂನೇ ಮಾಡಬೇಕಾಯಿತು. ಇವತ್ತು ಹಳ್ಳಿಗಳಲ್ಲಿ ಹೆಣ್ಣು ಸಿಗದೆ ಅಲೆಯುವ ರೈತರ ಮಕ್ಕಳ ಕತೆಯ ಹಿಂದೆ ಬೇರೆ ಕಾರಣಗಳ ಜೊತೆ ಆ ಯಂತ್ರವೂ ಇದೆ. ಜಾತಕದ ಜಾಗಕ್ಕೆ ಮ್ಯಾಟ್ರಿಮೋನಿಯ ಅಲ್ಗಾರಿದಮ್ಮು ಬಂದಿದೆ. ಒಂಟಿಯಾದವರು ರಾತ್ರಿ ಎಐ ಜೊತೆ ಸುಖದುಃಖ ಹೇಳಿಕೊಳ್ಳುತ್ತಿದ್ದಾರೆ. 'ಹರ್' ಸಿನಿಮಾ 2013ರಲ್ಲಿ ಅದನ್ನೇ ತೋರಿಸಿದಾಗ ಕಲ್ಪನೆ ಅಂದುಕೊಂಡಿದ್ದೆವು. ಈ ಬದುಕಿಗೆ ಕನ್ನಡದಲ್ಲಿ ಕತೆ ಇರದಿದ್ದರೆ, ನಮ್ಮ ಭಾಷೆಯಲ್ಲಿ ಪ್ರೀತಿಗೆ ನಿನ್ನೆ ಮಾತ್ರ ಉಳಿಯುತ್ತದೆ, ನಾಳೆ ಇರುವುದಿಲ್ಲ. ನನಗೆ ಹೆದರಿಕೆ ಆಗುವುದು ಇದಕ್ಕೇ.

ಪ್ರೇಮ ಬೆರೆಸಿದರೆ ವಿಜ್ಞಾನ ನೀರಾಗುತ್ತದೆ ಅನ್ನುವ ಗೆಳೆಯರಿದ್ದಾರೆ. ಅವರ ಆತಂಕ ಪೂರ್ತಿ ಸುಳ್ಳಲ್ಲ. ಕಂತಿನ ಕೊನೆಗೆ ಕಣ್ಣೀರು ಬೇಕು ಅಂತ ಭೌತಶಾಸ್ತ್ರದ ನಿಯಮವನ್ನೇ ಮುರಿಯುವವರು ಇರುತ್ತಾರೆ. ಅದಕ್ಕೆ ಮದ್ದು ಪ್ರೇಮವನ್ನು ಬಿಡುವುದಲ್ಲ, ನಿಯಮವನ್ನು ಬಿಗಿಯಾಗಿ ಹಿಡಿಯುವುದು. ಆ 22 ನಿಮಿಷವನ್ನು 2 ನಿಮಿಷ ಮಾಡಿದರೆ ಸಡಿಲವಾಗುವುದು ವಿಜ್ಞಾನಕ್ಕಿಂತ ಮೊದಲು ವಿರಹ!

ಇನ್ನು ಓದುಗರನ್ನು ಕಟ್ಟುವುದು ಹೇಗೆ? ಆಂಡಿ ವೀರ್ ಅನ್ನುವ ಪ್ರೋಗ್ರಾಮರ್ 'ದ ಮಾರ್ಷಿಯನ್' ಕಾದಂಬರಿಯನ್ನು ತಮ್ಮ ತಾಣದಲ್ಲಿ ಅಧ್ಯಾಯ ಅಧ್ಯಾಯವಾಗಿ ಪುಕ್ಕಟೆ ಹಾಕಿದರು. ಓದುಗರೇ ವಿಜ್ಞಾನದ ತಪ್ಪು ತಿದ್ದಿದರು, ಓದುಗರೇ ಇ-ಪುಸ್ತಕ ಕೇಳಿದರು. 2011ರಲ್ಲಿ ಕಿಂಡಲ್ಲಿಗೆ ಬಂತು, 2014ರಲ್ಲಿ ದೊಡ್ಡ ಪ್ರಕಾಶಕರಿಂದ ಅಚ್ಚಾಯಿತು, 2015ರಲ್ಲಿ ಸಿನಿಮಾ. ಇದರಲ್ಲಿ ಜಾದೂ ಇಲ್ಲ, ನಮ್ಮ ಸುಧಾ ತರಂಗದ ಧಾರಾವಾಹಿ ಪದ್ಧತಿಯೇ.

ನನಗೆ ತೋಚಿದ ನಾಲ್ಕು ಮಾತು. ವಾರ ಗೊತ್ತುಮಾಡಿ, ತಪ್ಪಿಸಬೇಡಿ. ಹುಲಿಗೆಮ್ಮನ ಗುಡಿಗೆ ಮಂಗಳವಾರ, ಶುಕ್ರವಾರ, ಹುಣ್ಣಿಮೆಗೆ ಜನ ಸೇರುವುದು ಯಾರೋ ಜಾಹೀರಾತು ಕೊಟ್ಟರು ಅಂತಲ್ಲ, ದಿನ ಗೊತ್ತಿದೆ ಅಂತ. ಎರಡನೆಯದು, ಹಣೆಪಟ್ಟಿಯಲ್ಲಿ 'ಪ್ರೇಮಕತೆ' ಅಂತಲೇ ಹಾಕಿ. ಮೊದಲ ಕಂತಿನಲ್ಲಿ ಇಬ್ಬರು ಮನುಷ್ಯರು ಸಿಗಲಿ, ಪರಿಭಾಷೆ ಆಮೇಲೆ. ಪಾತ್ರಗಳು ನಿಜವಾಗಿ ಆಡುವ ಪದ ಬಳಸಿ. ನಮ್ಮ ಆಟೋದವನು "ಮೊಬೈಲ್ ಹ್ಯಾಂಗ್ ಆಗೈತ್ರಿ" ಅನ್ನುತ್ತಾನೆ, ಜಂಗಮವಾಣಿ ಸ್ತಬ್ಧವಾಯಿತು ಅನ್ನುವುದಿಲ್ಲ. ಮೂರನೆಯದು, ಯೂನಿಕೋಡಿನಲ್ಲೇ ಹಾಕಿ, ಚಿತ್ರ ಮಾಡಿ ಹಾಕಬೇಡಿ. ಹುಡುಕಿದರೆ ಸಿಗದ ಕತೆ ಇದ್ದೂ ಇಲ್ಲದಂತೆ. ನಾಲ್ಕನೆಯದು, ಎಷ್ಟು ಜನ ಒತ್ತಿದರು ಅನ್ನುವ ಲೆಕ್ಕಕ್ಕೆ ಮರುಳಾಗಬೇಡಿ. ಐದನೇ ಕಂತು ತಡವಾದಾಗ "ಯಾಕ್ರೀ, ಆ ಹುಡುಗಿ ಉತ್ತರ ಕೊಟ್ಟಳಾ ಇಲ್ಲವಾ?" ಅಂತ ಕೇಳುವ ಇಪ್ಪತ್ತು ಜನ ಇದ್ದರೆ ಅವರೇ ನಿಮ್ಮ ಓದುಗರು. ಉಳಿದವರು ದಾರಿಹೋಕರು.

ಆ ಇಪ್ಪತ್ತು ಜನ ನಮಗಾಗಿ ಅಲ್ಲಿ ಕಾದು ಕೂತಿಲ್ಲ ಅನ್ನುವುದೂ ನಿಜವೇ. ಅವರಿಗೆ ಇಂಥ ಕತೆ ಇರಬಹುದೆಂದೇ ಗೊತ್ತಿಲ್ಲ. ಗೊತ್ತುಮಾಡಿಸುವ ಕೆಲಸ ಬರೆಯುವವರದು, ಅಂದರೆ ನಮ್ಮದೇ. ನಿಮ್ಮ ಊರಿನ ಹೊಳೆ, ಗುಡ್ಡ, ಟವರು, ಕಾರ್ಖಾನೆ ಯಾವ ಪ್ರೇಮಕತೆಯನ್ನು ಬಚ್ಚಿಟ್ಟುಕೊಂಡಿದೆ? ಬರೆದಿದ್ದರೆ ಕೊಂಡಿ ಕೊಡಿ, ಓದುತ್ತೇನೆ. ಬರೆಯದಿದ್ದರೆ ಈ ಮಂಗಳವಾರವೇ ಶುರು ಹಚ್ಚಿಕೊಳ್ಳಿ.

ಏನಂತೀರಿ?