ಕೌಂಟರಿನ ಆಚೆಯ ಮುಖ

ಕಳೆದ ತಿಂಗಳ ಒಂದು ಭಾನುವಾರ ಬಲಿಪೂಜೆ ಮುಗಿದ ಬಳಿಕ ಉದ್ಯಾವರದ ತಾಯಿಯೊಬ್ಬರು ಇಗರ್ಜಿಯ ಪಕ್ಕದ ಬಾಗಿಲ ಬಳಿ ನನಗಾಗಿ ಕಾದು ನಿಂತಿದ್ದರು. ಅವರ ಮಗ ಜರ್ಮನಿಗೆ ಹೋಗಿ ಎಂಟು ತಿಂಗಳಾಗಿದೆ. ಬ್ಯಾಂಕಿನ ಸಾಲ, ಅಡವಿಟ್ಟ ಚಿನ್ನ, ಭಾಷೆಯ ತರಗತಿ, ವೀಸಾಕ್ಕಾಗಿ ಅಲೆದಾಟ ಇವೆಲ್ಲವನ್ನೂ ದಾಟಿ ಹೋದ ಹುಡುಗ. ಈಗ ರಾತ್ರಿ ಫೋನು ಮಾಡಿದಾಗಲೆಲ್ಲ ಒಂದೇ ಮಾತು: "ಇಲ್ಲಿ ಯಾರಿಗೂ ನಾನು ಬೇಡ, ಮನೆಗೆ ಬರುತ್ತೇನೆ." ಕಾರಣ ಕೇಳಿದರೆ ದೊಡ್ಡ ಸಂಗತಿಯೇನೂ ಹೊರಬೀಳುವುದಿಲ್ಲ. ಬ್ರೆಡ್ ಅಂಗಡಿಯ ಹೆಂಗಸು ಮುಖ ಗಂಟಿಕ್ಕಿಕೊಂಡೇ ಮಾತನಾಡುತ್ತಾಳೆ. ಸೂಪರ್ ಮಾರ್ಕೆಟಿನ ಕ್ಯಾಶಿಯರ್ ಸಾಮಾನುಗಳನ್ನು ಅವನತ್ತ ತಳ್ಳಿ, ಚೀಲಕ್ಕೆ ತುಂಬಲು ತುಸು ತಡವಾದರೆ ನಿಟ್ಟುಸಿರು ಬಿಡುತ್ತಾಳೆ. ವಿದೇಶಿಯರ ನೋಂದಣಿ ಕಚೇರಿಯ ಗುಮಾಸ್ತ ಒಂದು ಕಾಗದ ಕಡಿಮೆಯಿದೆಯೆಂದು ಕಡತವನ್ನು ಹಿಂದಕ್ಕೆ ಸರಿಸಿ ಮುಂದಿನವರನ್ನು ಕರೆದ.

"ನನ್ನ ಮಗ ಅವರಿಗೆ ಏನು ಮಾಡಿದ್ದಾನೆ, ಫಾದರ್?" ಎಂದು ಆ ತಾಯಿ ಕೇಳಿದರು. ಪ್ರಾರ್ಥಿಸೋಣ ಎಂದಷ್ಟೇ ಹೇಳಿ ಕಳುಹಿಸಿದೆ. ಹೇಳಬೇಕಾದುದು ಅಷ್ಟೇ ಆಗಿರಲಿಲ್ಲವೆಂಬ ಅರಿವಿನಿಂದ ಈ ವಾರದ ಅಂಕಣವನ್ನು ಅದಕ್ಕಾಗಿಯೇ ಮೀಸಲಿಡುತ್ತಿದ್ದೇನೆ. ವಿದೇಶದಲ್ಲಿ ಒಬ್ಬರಾದರೂ ಇಲ್ಲದ ಮನೆ ನಮ್ಮ ವಾಳೆಗಳಲ್ಲಿ ಇಂದು ಅಪರೂಪವೇ ಆಗಿರುವುದರಿಂದ ಇದು ಒಬ್ಬ ತಾಯಿಯ ಪ್ರಶ್ನೆ ಮಾತ್ರವಲ್ಲ.

ಮೊದಲಿಗೆ, ಇಷ್ಟು ಸಣ್ಣ ಸಂಗತಿ ಇಷ್ಟು ಆಳವಾಗಿ ನಾಟುವುದೇಕೆ? ಊರಿನಲ್ಲಿ ಬಸ್ಸಿನ ಕಂಡಕ್ಟರ್ ಗದರಿಸಿದರೆ ಬಲಾಯಿಪಾದೆಯಲ್ಲಿ ಇಳಿಯುವಷ್ಟರಲ್ಲಿ ಅದನ್ನು ಮರೆತಿರುತ್ತೇವೆ. ಮನೆಯಲ್ಲಿ ಅಮ್ಮ ಇದ್ದಾಳೆ, ಅಂಗಳದಾಚೆ ನೆರೆಯವರಿದ್ದಾರೆ, ಸಂಜೆ ಮಾತಿಗೆ ಗೆಳೆಯರಿದ್ದಾರೆ. ಪರದೇಶದ ಬಾಡಿಗೆ ಕೋಣೆಯಲ್ಲಿರುವ ಹುಡುಗನಿಗೆ ಇವರಾರೂ ಇಲ್ಲ. ಇಡೀ ದಿನದಲ್ಲಿ ಆತನೊಡನೆ ಎದುರುಬದುರಾಗಿ ಮಾತನಾಡುವ ಮನುಷ್ಯಜೀವಿ ಆ ಬ್ರೆಡ್ ಅಂಗಡಿಯ ಹೆಂಗಸು ಒಬ್ಬಳೇ ಇದ್ದೀತು. ಹೀಗಾಗಿ ಆಕೆಯ ಮುಖ ಒಂದು ಮುಖವಾಗಿ ಉಳಿಯದೆ ಇಡೀ ಒಂದು ದೇಶದ ತೀರ್ಪಾಗಿಬಿಡುತ್ತದೆ. ಒಂದನ್ನು ಕಂಡು ಸಮಸ್ತದ ಕುರಿತು ನಿರ್ಣಯಿಸಬಾರದೆಂದು ತರ್ಕಶಾಸ್ತ್ರದ ಮೊದಲ ವರ್ಷದಲ್ಲೇ ಕಲಿಸುತ್ತಾರೆ. ಆದರೆ ಒಂಟಿತನಕ್ಕೆ ತರ್ಕಶಾಸ್ತ್ರ ಗೊತ್ತಿಲ್ಲ.

ನನಗೂ ಗೊತ್ತಿರಲಿಲ್ಲ. ರೋಮಿನಲ್ಲಿ ಓದುತ್ತಿದ್ದ ದಿನಗಳಲ್ಲಿ, 2003ರ ಬೇಸಿಗೆ ರಜೆಯಲ್ಲಿ, ಬವೇರಿಯಾದ ಒಂದು ಹಳ್ಳಿಯ ಗುರುಗಳು ವಿಶ್ರಾಂತಿಗೆ ಹೋದಾಗ ಅವರ ಸ್ಥಾನದಲ್ಲಿ ಸೇವೆ ಸಲ್ಲಿಸಲು ಹೋಗಿದ್ದೆ. ರೋಮಿನಲ್ಲಿ ಓದುವ ಭಾರತೀಯ ಗುರುಗಳು ಹೀಗೆ ಹೋಗುವುದು ರೂಢಿ. ಬೆಳಿಗ್ಗೆ ಪೂಜೆ ಮುಗಿಸಿ ಬ್ರೆಡ್ ಕೊಳ್ಳಲು ಹೋಗುವೆ; ಗಾಜಿನೊಳಗಿನ ಬ್ರೆಡ್ಡಿನತ್ತ ಬೆರಳು ತೋರಿಸುವೆ; ಆಕೆ ಕಾಗದದಲ್ಲಿ ಸುತ್ತಿ ಠಕ್ಕನೆ ಇಟ್ಟು, ಬೆಲೆ ಹೇಳಿ, ನನ್ನ ಹಿಂದಿನವರನ್ನು ನೋಡುವಳು. ಎರಡು ವಾರ ಹೀಗೇ ನಡೆಯಿತು. ನನ್ನ ಬಣ್ಣವೇ ಕಾರಣವೆಂದು ಮನಸ್ಸಿನಲ್ಲಿ ನಿಶ್ಚಯಿಸಿಕೊಂಡಿದ್ದೆ. ಒಂದು ದಿನ ಸಾಲು ಉದ್ದವಿತ್ತು. ಸುಮ್ಮನೆ ನಿಂತು ಗಮನಿಸಿದೆ. ಒಳಗೆ ಬಂದ ಪ್ರತಿಯೊಬ್ಬರೂ, ಶಾಲೆಯ ಮಕ್ಕಳು ಸಹ, ಬಾಗಿಲು ದಾಟುತ್ತಲೇ "ಗ್ರ್ಯೂಸ್ ಗಾಟ್" ಎನ್ನುತ್ತಿದ್ದರು. ದೇವರು ನಿಮ್ಮನ್ನು ಹರಸಲಿ ಎಂಬುದು ಅದರ ಭಾವ. ಬವೇರಿಯಾದಲ್ಲಿ ನಮಸ್ಕಾರಕ್ಕೆ ಬದಲಾಗಿ ಹೇಳುವ ಮಾತು ಅದು. ಅಂಗಡಿಯನ್ನು ಬಿಡುವಾಗಲೂ ಒಂದು ವಂದನೆ. ಆ ಊರಿನಲ್ಲಿ ದೇವರ ಹೆಸರೆತ್ತದೆ ಒಳಗೆ ಬಂದು ಬೆರಳು ತೋರಿಸುತ್ತಿದ್ದವನು ಗುರುವಾದ ನಾನೊಬ್ಬನೇ!

ಮರುದಿನ ನಾನೂ ಹೇಳಿದೆ. ಆಕೆ ನಗಲಿಲ್ಲ. ಪ್ರತಿವಂದನೆ ಹೇಳಿ, ಬ್ರೆಡ್ಡನ್ನು ಹೋಳು ಮಾಡಿಕೊಡಬೇಕೇ ಎಂದು ಕೇಳಿದಳು. ಅಂಗಡಿಯಲ್ಲಿ ಹೋಳು ಮಾಡುವ ಯಂತ್ರವಿದೆಯೆಂಬುದೇ ನನಗೆ ಅಂದಿನವರೆಗೆ ತಿಳಿದಿರಲಿಲ್ಲ. ಫ್ರಾನ್ಸಿನಲ್ಲಿಯೂ ಇದೇ ರೀತಿ: "ಬೊಂಜೂರ್" ಎನ್ನದೆ ನೇರವಾಗಿ ಬೇಕಾದುದನ್ನು ಕೇಳುವವನನ್ನು ಅಲ್ಲಿನ ಅಂಗಡಿಯವರು ಒರಟನೆಂದೇ ಎಣಿಸುತ್ತಾರೆ. ನಾವು ಅವರನ್ನು ಸಿಡುಕರೆನ್ನುತ್ತಿರುವ ಹೊತ್ತಿನಲ್ಲಿ ಅವರು ನಮ್ಮನ್ನು ಅದೇ ಮಾತಿನಿಂದ ಕರೆಯುತ್ತಿರುತ್ತಾರೆ.

ನಮ್ಮಲ್ಲಿ ಸೌಜನ್ಯವಿಲ್ಲವೆಂದು ಇದರ ಅರ್ಥವಲ್ಲ. ಅದು ಬೇರೆ ಕಡೆ ಇದೆ. ಉದ್ಯಾವರದ ಅಂಗಡಿಗೆ ಹೋಗಿ ನಾವು "ಸುಪ್ರಭಾತ" ಎನ್ನುವುದಿಲ್ಲ, "ಅಣ್ಣೆರೆ" ಎನ್ನುತ್ತೇವೆ, "ಅಕ್ಕ" ಎನ್ನುತ್ತೇವೆ, ಮಧ್ಯಾಹ್ನವಾಗಿದ್ದರೆ "ಉಣಸ್ ಆಂಡಾ?" ಎಂದು ತುಳುವಿನಲ್ಲಿ ವಿಚಾರಿಸುತ್ತೇವೆ. ಸಾಮಾನು ತೆಗೆದುಕೊಂಡು ಧನ್ಯವಾದ ಹೇಳಿದರೆ ಅಂಗಡಿಯವನು ಬೆರಗಾಗಿ ನೋಡಿಯಾನು. "ದೇವ್ ಬರೆಂ ಕರುಂ" ಎಂಬ ಸೊಗಸಾದ ಮಾತು ನಮ್ಮ ಕೊಂಕಣಿಯಲ್ಲಿದ್ದರೂ ಅದನ್ನು ಸಭೆ ಸಮಾರಂಭಗಳಿಗೆ ಕಾದಿರಿಸಿ, ದಿನಸಿ ಅಂಗಡಿಗೆ ಒಯ್ಯುವುದಿಲ್ಲ. ನಮ್ಮ ಸೌಜನ್ಯ ನಂಟಸ್ತಿಕೆಯ ಸೌಜನ್ಯ. ಅಣ್ಣನೂ ಅಕ್ಕನೂ ಇಲ್ಲದ ಊರಿಗೆ ಹೋದಾಗ ಅದು ನಾಲಿಗೆಯಲ್ಲೇ ಉಳಿದುಬಿಡುತ್ತದೆ, ಅದರ ಬದಲಿಗೆ ಹೇಳಬೇಕಾದ ಮಾತು ಇನ್ನೂ ಕೈಗೆ ಬಂದಿರುವುದಿಲ್ಲ.

ಜೆಪ್ಪುವಿನ ಸೆಮಿನರಿಯಲ್ಲಿ ತತ್ತ್ವಶಾಸ್ತ್ರ ಓದುತ್ತಿದ್ದಾಗ ಅರಿಸ್ಟಾಟಲನ ನೀತಿಶಾಸ್ತ್ರದ ನಾಲ್ಕನೆಯ ಪುಸ್ತಕದ ಒಂದು ಸಣ್ಣ ಅಧ್ಯಾಯವನ್ನು ನಾವೆಲ್ಲ ಅವಸರದಿಂದ ದಾಟಿ ಹೋಗಿದ್ದೆವು. ಜನರೊಡನೆ ಬೆರೆಯುವಾಗ ಎಲ್ಲವನ್ನೂ ಹೊಗಳುವ ಮುಖಸ್ತುತಿ ಒಂದು ತುದಿ, ಯಾರನ್ನೂ ಲೆಕ್ಕಿಸದ ಸಿಡುಕುತನ ಇನ್ನೊಂದು ತುದಿ, ನಡುವಿನ ಸದ್ಗುಣಕ್ಕೆ ಹೆಸರೇ ಇಲ್ಲ ಎನ್ನುತ್ತಾನೆ ಅವನು. ಸಂತ ಥಾಮಸ್ ಅಕ್ವಿನಾಸರು ಅದಕ್ಕೊಂದು ಹೆಸರು ಕೊಟ್ಟು, ತಮ್ಮ ಮಹಾಗ್ರಂಥದ ಎರಡನೆಯ ಭಾಗದಲ್ಲಿ ಒಂದು ಇಡೀ ಪ್ರಶ್ನೆಯನ್ನು ಮೀಸಲಿಟ್ಟು, ಆಶ್ಚರ್ಯವೆಂಬಂತೆ ಅದನ್ನು ನ್ಯಾಯವೆಂಬ ಸದ್ಗುಣದ ಪರಿವಾರಕ್ಕೆ ಸೇರಿಸಿದರು. ಅಂದರೆ ಹಿತವಾದ ನಡವಳಿಕೆ ನಾವು ಮೆಚ್ಚಿದವರಿಗೆ ಕೊಡುವ ಕಾಣಿಕೆಯಲ್ಲ, ಅದೊಂದು ಬಗೆಯ ಋಣ. ಆದರೆ ನ್ಯಾಯಾಲಯಕ್ಕೆ ಹೋಗಿ ವಸೂಲು ಮಾಡುವ ಋಣವೂ ಅಲ್ಲ. ಅದನ್ನು ಕೇಳುವ ಹಕ್ಕು ಎದುರಿನವನಿಗೆ ಇರುವುದಕ್ಕಿಂತ ಹೆಚ್ಚಾಗಿ, ಕೊಡುವವನ ಸ್ವಂತ ಘನತೆಯೇ ಅದನ್ನು ಕೇಳುತ್ತದೆ. ಮರುಪ್ರಶ್ನೆಯಲ್ಲಿಯೇ ಅವರು ಮುಖಸ್ತುತಿಯನ್ನು ಪಾಪಗಳ ಸಾಲಿಗೆ ಸೇರಿಸಿರುವುದನ್ನೂ ಮರೆಯಬಾರದು.

ಈ ಎರಡನೆಯ ಎಚ್ಚರಿಕೆ ನಮ್ಮ ಕಾಲಕ್ಕೆ ಹೆಚ್ಚು ಬೇಕಾಗಿದೆ ಎಂಬುದು ನನ್ನ ಅನಿಸಿಕೆ. ಅಮೆರಿಕದ ಹೋಟೆಲಿನ ಸಪ್ಲೈಯರ್ ನಗುನಗುತ್ತ ಮಾತನಾಡಿಸುವುದನ್ನು ಕಂಡು ಬಂದವರು ಜರ್ಮನರನ್ನು ಹಳಿಯುವುದುಂಟು. ಅಲ್ಲಿ ಟಿಪ್ಸ್ ಪಡೆಯುವ ನೌಕರನಿಗೆ ಒಕ್ಕೂಟ ಸರಕಾರ ನಿಗದಿಪಡಿಸಿದ ಕನಿಷ್ಠ ವೇತನ 1991ರಿಂದ ಗಂಟೆಗೆ 2.13 ಡಾಲರ್. ಹಲವು ರಾಜ್ಯಗಳು ಹೆಚ್ಚು ಗೊತ್ತುಪಡಿಸಿವೆ, ನಿಜ. ಉಳಿದೆಡೆ ಆ ನಗುವಿನ ಮೇಲೆಯೇ ಅವನ ಮನೆಯ ಬಾಡಿಗೆ ನಿಂತಿದೆ. ಜರ್ಮನಿಯಲ್ಲಿ 2015ರಿಂದ ಎಲ್ಲರಿಗೂ ಕಾನೂನುಬದ್ಧ ಕನಿಷ್ಠ ವೇತನವಿದೆ, ಕ್ಯಾಶಿಯರ್ ಕುರ್ಚಿಯ ಮೇಲೆ ಕುಳಿತು ಕೆಲಸ ಮಾಡುತ್ತಾಳೆ, ಬೇಗ ಮುಗಿಸಿ ಸಾಲು ಕರಗಿಸುವುದನ್ನೇ ಗಿರಾಕಿಗೆ ತೋರುವ ಗೌರವವೆಂದು ಭಾವಿಸುತ್ತಾಳೆ. 1997ರಲ್ಲಿ ಅಮೆರಿಕದ ವಾಲ್‌ಮಾರ್ಟ್ ಕಂಪೆನಿ ಆ ದೇಶಕ್ಕೆ ಕಾಲಿಟ್ಟಾಗ ನೌಕರರೆಲ್ಲ ಗಿರಾಕಿಗಳನ್ನು ಕಂಡು ನಗಬೇಕೆಂಬ ತನ್ನ ಪದ್ಧತಿಯನ್ನೂ ತಂದಿತು. ಅಪರಿಚಿತರು ಸುಮ್ಮಸುಮ್ಮನೆ ನಗುವುದು ಅಲ್ಲಿನ ಜನರಿಗೆ ಇರುಸುಮುರುಸಾಯಿತು. ಆ ಕಂಪೆನಿ 2006ರಲ್ಲಿ ತನ್ನ ಅಂಗಡಿಗಳನ್ನು ಮಾರಿ ಹೊರಟುಹೋಯಿತು. ಬೆಲೆಯ ಪೈಪೋಟಿಯೇ ಮೊದಲಾದ ಬೇರೆ ಕಾರಣಗಳೂ ಇದ್ದವೆನ್ನಿ.

ಹಣಕ್ಕೆ ಬಿಕರಿಯಾಗುವ ನಗುವಿನ ಬೆಲೆಯೆಷ್ಟೆಂದು ಕೇಳಲು ನಾವು ಅಮೆರಿಕದವರೆಗೆ ಹೋಗಬೇಕಿಲ್ಲ. ನಮ್ಮ ಕಡೆಯ ಯುವತಿಯೊಬ್ಬಳು ಕೊಲ್ಲಿ ರಾಷ್ಟ್ರದ ಒಂದು ದೊಡ್ಡ ಮಳಿಗೆಯಲ್ಲಿ ಕೆಲಸಕ್ಕಿದ್ದಾಳೆ. ತಂಗಿಯ ಮದುವೆಗೆಂದು ರಜೆಯಲ್ಲಿ ಬಂದವಳು ರೋಸಿನ ದಿನ ಬಿಗಿದ ಮುಖದಿಂದ ಕುಳಿತಿದ್ದಳು. ಕೊಲ್ಲಿಗೆ ಹೋಗಿ ಜಂಬ ಬಂದಿದೆಯೆಂದು ನೆಂಟರು ಆಡಿಕೊಂಡರು. ನಾನು ಹತ್ತಿರ ಹೋಗಿ ವಿಚಾರಿಸಿದಾಗ ಆಕೆ ಹೇಳಿದ ಮಾತು ಇದು: "ಅಲ್ಲಿ ಹತ್ತು ಗಂಟೆ ನಿಂತು ನಗುತ್ತೇನೆ ಫಾದರ್. ಇಲ್ಲಿ ಹದಿನೈದು ದಿನ ನನ್ನ ಮುಖ ನನ್ನದಾಗಿರಲಿ." ಅಮೆರಿಕದ ಸಮಾಜಶಾಸ್ತ್ರಜ್ಞೆ ಆರ್ಲಿ ಹಾಕ್‌ಶೀಲ್ಡ್ ಅವರು ವಿಮಾನದ ಪರಿಚಾರಿಕೆಯರನ್ನು ಅಧ್ಯಯನ ಮಾಡಿ 1983ರಲ್ಲಿ ಬರೆದ ಪುಸ್ತಕದಲ್ಲಿ ತೋರಿಸಿಕೊಟ್ಟದ್ದೂ ಇದನ್ನೇ. ಭಾವನೆಯನ್ನು ಒತ್ತಾಯದಿಂದ ಮುಖದ ಮೇಲೆ ತರುವುದೂ ದುಡಿಮೆಯೇ, ಮೈ ದಣಿಯುವಂತೆ ಅದರಿಂದ ಮನವೂ ದಣಿಯುತ್ತದೆ. ನಿಲ್ಲುವುದರ ಮಾತು ಬಂದಾಗ ಹೇಳಬೇಕು: ಬಟ್ಟೆಯಂಗಡಿಗಳಲ್ಲಿ ದಿನವಿಡೀ ನಿಂತೇ ಇರುತ್ತಿದ್ದ ಹೆಣ್ಣುಮಕ್ಕಳು ಹೋರಾಡಿದ ಮೇಲೆಯೇ ಪಕ್ಕದ ಕೇರಳದಲ್ಲಿ 2018ರಲ್ಲಿ ನೌಕರರಿಗೆ ಕುಳಿತುಕೊಳ್ಳುವ ಹಕ್ಕನ್ನು ಕಾನೂನಿನಲ್ಲಿ ಸೇರಿಸಲಾಯಿತು, ತಮಿಳುನಾಡು 2021ರಲ್ಲಿ ಅದನ್ನು ಅನುಸರಿಸಿತು. ಒಂದು ಸ್ಟೂಲಿಗಾಗಿ ಕಾನೂನು!

ಇಷ್ಟು ಹೇಳಿದ ಮಾತ್ರಕ್ಕೆ ಎಲ್ಲ ಗಂಟು ಮೋರೆಗಳಿಗೂ ಕ್ಷಮೆ ನೀಡಿಬಿಡಿ ಎನ್ನುತ್ತಿಲ್ಲ. ಬಣ್ಣ ನೋಡಿ, ಹೆಸರು ನೋಡಿ ಅವಮಾನಿಸುವವರು ಎಲ್ಲ ದೇಶಗಳಲ್ಲಿಯೂ ಇದ್ದಾರೆ, ನಮ್ಮ ದೇಶದಲ್ಲಿಯೂ ಇದ್ದಾರೆ. ಅದನ್ನು ಸಹನೆಯ ಹೆಸರಿನಲ್ಲಿ ನುಂಗಿಕೊಳ್ಳುವುದು ಸದ್ಗುಣವಲ್ಲ. ಗುರುತಿಸುವ ಬಗೆ ಸರಳ: ನಿನ್ನ ಮುಂದೆ ನಿಂತವನನ್ನೂ ಹಿಂದೆ ನಿಂತವನನ್ನೂ ಆಕೆ ಹೇಗೆ ನಡೆಸಿಕೊಂಡಳು ಎಂಬುದನ್ನು ನೋಡು. ಎಲ್ಲರಿಗೂ ಅದೇ ಮುಖವಾದರೆ ಅದು ಅವಳ ಮುಖ. ನಿನಗೆ ಮಾತ್ರ ಬೇರೆಯಾದರೆ ಅದು ಅನ್ಯಾಯ. ಜರ್ಮನಿಯಲ್ಲಿ ಸಮಾನ ನಡವಳಿಕೆಯ ಕಾನೂನು 2006ರಲ್ಲಿ ಜಾರಿಗೆ ಬಂದಿದ್ದು, ತಾರತಮ್ಯಕ್ಕೆ ಗುರಿಯಾದವರಿಗೆ ಉಚಿತವಾಗಿ ಸಲಹೆ ನೀಡುವ ಒಕ್ಕೂಟ ಸರಕಾರದ ಕಚೇರಿಯೂ ಇದೆ. ಮಕ್ಕಳನ್ನು ಕಳುಹಿಸುವ ಹೆತ್ತವರು ವೀಸಾದ ಕಾಗದಗಳ ಜೊತೆ ಇದನ್ನೂ ತಿಳಿಸಿ ಕಳುಹಿಸುವುದು ಒಳ್ಳೆಯದು.

ಇನ್ನು ನಮ್ಮ ಊರಿನ ಕೌಂಟರುಗಳ ಮಾತು. 1925ರಲ್ಲಿ ಉಡುಪಿಯಲ್ಲಿ ಹುಟ್ಟಿ ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಸಂಸ್ಥೆ 1928ರಲ್ಲಿ ಪಿಗ್ಮಿ ಠೇವಣಿಯನ್ನು ಆರಂಭಿಸಿದಾಗ ದಿನಕ್ಕೆ ಎರಡಾಣೆಯನ್ನು ಪಡೆಯಲು ಏಜೆಂಟನೇ ಮನೆಬಾಗಿಲಿಗೆ ಬರುತ್ತಿದ್ದ. ಮನೆಯವರ ಕಷ್ಟಸುಖವೂ ಅವನಿಗೆ ಗೊತ್ತಿರುತ್ತಿತ್ತು. ಅಂಥ ಊರಿನ ವೃದ್ಧರು ಇಂದು ಬ್ಯಾಂಕುಗಳ ಕೌಂಟರಿನೆದುರು ಹಿಂದಿ ಅರ್ಥವಾಗದೆ ತಬ್ಬಿಬ್ಬಾಗಿ ನಿಲ್ಲುವುದನ್ನು ಕಂಡಾಗ ನನಗೂ ಬೇಸರವಾಗುತ್ತದೆ. ಜನರ ಭಾಷೆ ಕಲಿಸದೆ ಸಿಬ್ಬಂದಿಯನ್ನು ಕಳುಹಿಸುವವರದೇ ಅಲ್ಲಿ ಮುಖ್ಯ ತಪ್ಪು. ಆದರೆ ಆಚೆ ಬದಿ ಕುಳಿತ ಯುವಕನೂ ಮನೆಯಿಂದ ಎರಡು ಸಾವಿರ ಕಿಲೋಮೀಟರ್ ದೂರ ಬಂದವನು. ಹೋಟೆಲಿನಲ್ಲಿ ಮೇಜು ಒರೆಸುವ, ಮಲ್ಪೆಯ ದೋಣಿಗಳಲ್ಲಿ ದುಡಿಯುವ ಒಡಿಶಾ, ಜಾರ್ಖಂಡಿನ ಹುಡುಗರೂ ಅಂಥವರೇ. ಅವರು ರಾತ್ರಿ ತಮ್ಮ ತಾಯಂದಿರಿಗೆ ಫೋನು ಮಾಡಿ ನಮ್ಮ ಮುಖಗಳ ಬಗ್ಗೆ ಏನು ಹೇಳುತ್ತಾರೋ!

ನನ್ನ ಮುಖದ ಬಗ್ಗೆಯೂ ಹೇಳಿಬಿಡುತ್ತೇನೆ. ಕೆಲವು ವರ್ಷಗಳ ಹಿಂದೆ, ಬೇರೊಂದು ಧರ್ಮಕೇಂದ್ರದಲ್ಲಿದ್ದಾಗ, ಮಧ್ಯಾಹ್ನ ಒಂದು ಗಂಟೆಗೆ ಕಚೇರಿಯ ಬಾಗಿಲು ಹಾಕುತ್ತಿದ್ದ ಹೊತ್ತಿಗೆ ಒಬ್ಬಾತ ಮಗಳ ಜ್ಞಾನಸ್ನಾನದ ಪ್ರಮಾಣಪತ್ರ ಕೇಳಿ ಬಂದ. ಕಚೇರಿಯ ಸಮಯ ಬಾಗಿಲಲ್ಲೇ ಬರೆದಿದೆ, ಓದಲು ಬರುವುದಿಲ್ಲವೇ ಎಂದುಬಿಟ್ಟೆ. ಆತ ಏನೂ ಹೇಳದೆ ಹಿಂದಿರುಗಿದ. ಮರುದಿನ ಬೆಳಿಗ್ಗೆ ಹತ್ತಕ್ಕೆ ಆತನ ಅಣ್ಣ ಬಂದು ಕಾಗದ ಪಡೆದ. ತಮ್ಮ ಎಲ್ಲಿ ಎಂದು ಕೇಳಿದಾಗ, ಬೆಳಗಿನ ವಿಮಾನದಲ್ಲಿ ಕುವೈತಿಗೆ ಹೋದನೆಂದು ತಿಳಿಯಿತು. ಪುಸ್ತಕ ತೆರೆದು ಬರೆದುಕೊಡಲು ಐದು ನಿಮಿಷ ಸಾಕಾಗಿತ್ತು. ನಾನು ಹಿಂದಿನ ರಾತ್ರಿ ನಿದ್ದೆಗೆಟ್ಟಿದ್ದೆ, ಹಸಿದಿದ್ದೆ. ಆತನಿಗೆ ಅದು ಹೇಗೆ ತಿಳಿಯಬೇಕು?

ಮುಂದಿನ ವಾರ ಆ ತಾಯಿ ಬಂದಾಗ ಇವೆಲ್ಲವನ್ನೂ ಹೇಳಲಿಲ್ಲ. ಬವೇರಿಯಾದ ಕಥೆಯನ್ನು ಹೇಳಿ, ಮಗನಿಗೆ ತಿಳಿಸಿ ಎಂದೆ. ಅವನಿರುವುದು ಜರ್ಮನಿಯ ಉತ್ತರ ಭಾಗದಲ್ಲಿ. ಅಲ್ಲಿನ ವಂದನೆ ಬೇರೆಯಂತೆ. ಮೊನ್ನೆ ಆಕೆ ತಿಳಿಸಿದ ಪ್ರಕಾರ ಬ್ರೆಡ್ ಅಂಗಡಿಯ ಹೆಂಗಸು ಈಗಲೂ ನಗುವುದಿಲ್ಲ, ಆದರೆ ಅವನು ಬಾಗಿಲು ತೆರೆಯುವಾಗಲೇ ಅವನ ಬ್ರೆಡ್ಡನ್ನು ಕೈಗೆತ್ತಿಕೊಂಡಿರುತ್ತಾಳೆ. ಮನೆಗೆ ಬರುವ ಮಾತು ಸದ್ಯಕ್ಕೆ ನಿಂತಿದೆ. ವಿದೇಶಿಯರ ಕಚೇರಿಯಲ್ಲಿರುವ ಕಡತ ಮಾತ್ರ ಇನ್ನೂ ಕದಲಿಲ್ಲ.