ತಕ್ಕಡಿಯೂ ರಾಷ್ಟ್ರಾಭಿಮಾನವೂ

ಹೊರಗೆ ರೂಪುಗೊಂಡ ಕಾನೂನನ್ನು ಪಾಲಿಸಿದರೆ ರಾಷ್ಟ್ರಾಭಿಮಾನಕ್ಕೆ ಕುಂದು ಬರುವುದೇ? ಬ್ರಿಟನ್ನಿನ ಪ್ರಜೆಗಳನ್ನು ದಶಕಗಳ ಕಾಲ ಕಾಡಿದ ಈ ಪ್ರಶ್ನೆ ಅಲ್ಲಿನ ವರ್ತಕರ ತಕ್ಕಡಿಯವರೆಗೂ ಬಂದಿತ್ತು.

ಸಂಡರ್‌ಲೆಂಡ್‌ನ ಹಣ್ಣು-ತರಕಾರಿ ವ್ಯಾಪಾರಿ ಸ್ಟೀವ್ ಥೋಬರ್ನ್ ಅವರು ಪೌಂಡ್ ತೂಕದ ತಕ್ಕಡಿಯಲ್ಲಿ ಬಾಳೆಹಣ್ಣು ಮಾರಿದ ಪ್ರಕರಣದಲ್ಲಿ 2001ರಲ್ಲಿ ತಪ್ಪಿತಸ್ಥರೆನಿಸಿದರು. ಐರೋಪ್ಯ ನಿರ್ದೇಶನದಂತೆ ಕಿಲೋಗ್ರಾಂ ಕಡ್ಡಾಯವಾಗಿತ್ತು. ಅನೇಕರಿಗೆ ಇದು ಪರಕೀಯರ ದಬ್ಬಾಳಿಕೆಯೆನಿಸಿತು. ಆದರೆ 2002ರಲ್ಲಿ ಅಲ್ಲಿನ ಹೈಕೋರ್ಟು ಮೇಲ್ಮನವಿಯನ್ನು ವಜಾಗೊಳಿಸುತ್ತ, ಐರೋಪ್ಯ ಕಾನೂನಿಗೆ ಬ್ರಿಟನ್ನಿನಲ್ಲಿ ಬಲ ಬಂದದ್ದು ಬ್ರಿಟಿಷ್ ಸಂಸತ್ತಿನದೇ 1972ರ ಕಾಯಿದೆಯಿಂದ ಎಂದು ಸ್ಪಷ್ಟಪಡಿಸಿತು. ಅರ್ಥಾತ್, ಅವರು ಪಾಲಿಸಬೇಕಾಗಿದ್ದುದು ಸ್ವದೇಶದ ಕಾನೂನನ್ನೇ.

2016ರ ಜನಮತಗಣನೆಯ ಫಲವಾಗಿ ಬ್ರಿಟನ್ 2020ರ ಜನವರಿ 31ರಂದು ಐರೋಪ್ಯ ಒಕ್ಕೂಟವನ್ನು ತೊರೆಯಿತು. ಕಿಲೋಗ್ರಾಂ ಮಾತ್ರ ಉಳಿಯಿತು. ಯುರೋಪಿಗೆ ಸರಕು ಕಳುಹಿಸುವ ಬ್ರಿಟಿಷ್ ತಯಾರಕರು ಇಂದಿಗೂ ಅಲ್ಲಿನ ನಿಯಮಗಳಿಗೆ ಬದ್ಧರು. ಆ ನಿಯಮಗಳನ್ನು ರೂಪಿಸುವಲ್ಲಿ ಅವರ ದೇಶಕ್ಕೆ ಈಗ ಮತಾಧಿಕಾರವಿಲ್ಲ. ನಿಜವಾದ ನಷ್ಟ ಇದೇ ಎಂಬುದು ನಮ್ಮ ಅಭಿಪ್ರಾಯ.

ನಾವೂ 1956ರ ಕಾಯಿದೆಯ ಮೂಲಕ ಸೇರು, ಮಣಗಳನ್ನು ಬಿಟ್ಟು ಮೆಟ್ರಿಕ್ ಪದ್ಧತಿಯನ್ನು ಸ್ವೀಕರಿಸಿದೆವು, ಭಾರತೀಯತೆಗೆ ಕೊರತೆಯಾಗಲಿಲ್ಲ. ಯುರೋಪಿಗೆ ರಫ್ತು ಮಾಡುವ ಯಂತ್ರೋಪಕರಣಗಳಿಗೆ ಸಿಇ ಗುರುತು ಹಾಕುವುದರಿಂದಲೂ ನಮ್ಮ ಗೌರವ ಕುಗ್ಗದು. ಆದರೆ ನಮ್ಮನ್ನು ಕೇಳಿದಾಗ ಮೌನವಾಗಿದ್ದು, ನಿಯಮ ಜಾರಿಯಾದ ಮೇಲೆ ಗೊಣಗುವುದು ಉದ್ಯಮಿಗೆ ಶೋಭಿಸದು. ಭಾರತೀಯ ಮಾನಕ ಬ್ಯೂರೋ ಕರಡು ಮಾನಕಗಳನ್ನು ಸಾರ್ವಜನಿಕರ ಅಭಿಪ್ರಾಯಕ್ಕಾಗಿ ಪ್ರಕಟಿಸುತ್ತದೆ. ಅಂತರರಾಷ್ಟ್ರೀಯ ಮಾನಕ ಸಂಸ್ಥೆಯಲ್ಲಿ ಭಾರತದ ಪ್ರತಿನಿಧಿಯೂ ಅದೇ. ಸದಸ್ಯ ಬಾಂಧವರು ತಮ್ಮ ಸರಕಿಗೆ ಸಂಬಂಧಿಸಿದ ಕರಡುಗಳನ್ನು ಓದಿ, ಲಿಖಿತ ಅಭಿಪ್ರಾಯವನ್ನು ಅವಧಿಯೊಳಗೆ ತಪ್ಪದೆ ಸಲ್ಲಿಸಬೇಕು.